‘ಶಾರ್ಟ್ ಸರ್ಕ್ಯೂಟ್’ ಎಂದು ಬರೆದು ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ‘ಚಲಿಸುತ್ತಿದ್ದ ಕಾರಿಗೆ ಬೆಂಕಿ’, ‘ನಿಲ್ಲಿಸಿದ್ದ ಆಟೊ ಭಸ್ಮ’ ಎಂಬ ಸುದ್ದಿಗಳು ಪತ್ರಿಕೆಗಳ ಒಳಪುಟದಲ್ಲಿ ಕಾಣಿಸಿಕೊಳ್ಳುತ್ತವೆ. ಅವುಗಳ ಕೊನೆಯ ಸಾಲು ಬಹುಮಟ್ಟಿಗೆ ಒಂದೇ: ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿದೆ ಎಂದು ಶಂಕಿಸಲಾಗಿದೆ.’ ಓದಿದವರಿಗೆ ಶಾರ್ಟ್ ಆಗುವುದು ಸಿಡಿಲು ಬಡಿದ ಹಾಗೆ, ಯಾರ ಕೈಯಲ್ಲೂ ಇಲ್ಲದ್ದು ಅನ್ನಿಸುತ್ತದೆ. ಇಂಧನ ಸೋರಿಕೆಯಂಥ ಬೇರೆ ಕಾರಣಗಳೂ ಬೆಂಕಿಗೆ ಇರುತ್ತವೆ, ನಿಜ. ಆದರೆ ತಪ್ಪು ವೈರಿಂಗ್‌ನದೇ ಆಗಿದ್ದರೆ ಮಾತು ಅಲ್ಲಿಗೇ ನಿಲ್ಲಬಾರದು. ವಾಹನದಲ್ಲಿ ವೈರು ಉಜ್ಜುತ್ತದೆ, ಇಲಿ ಕಡಿಯುತ್ತದೆ, ನೀರು ಇಳಿಯುತ್ತದೆ, ಶಾರ್ಟ್ ಆಗುತ್ತದೆ. ಆಗ ಒಂದು ಫ್ಯೂಸ್ ಹೋಗಬೇಕು, ಅಷ್ಟಕ್ಕೇ ಮುಗಿಯಬೇಕು. ಬೆಂಕಿಯವರೆಗೆ ಹೋಯಿತೆಂದರೆ ಕೇಳಬೇಕಾದದ್ದು, ಫ್ಯೂಸ್ ಯಾಕೆ ಹೋಗಲಿಲ್ಲ?

ಫ್ಯೂಸ್ ಇರುವುದು ಹಾರ್ನನ್ನೋ ಸ್ಟೀರಿಯೊವನ್ನೋ ಕಾಪಾಡಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ಕಾರಿನ ಬ್ಯಾಟರಿ 12 ವೋಲ್ಟಿನದು, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಭಯವೂ ಇಲ್ಲ. ಆದರೆ ಸೆಲ್ಫ್ ತಿರುಗಿಸುವಾಗ ಅದೇ ಬ್ಯಾಟರಿ ನೂರಾರು ಆಂಪಿಯರ್ ಕೊಡುತ್ತದೆ. ಪ್ಲಸ್ ವೈರೊಂದರ ಸಿಪ್ಪೆ ಸವೆದು ತಾಮ್ರ ವಾಹನದ ಲೋಹದ ಬಾಡಿಗೆ (ಅದು ಬ್ಯಾಟರಿಯ ಮೈನಸ್ಸಿಗೆ ಸೇರಿರುತ್ತದೆ) ತಗುಲಿದರೂ ಅಷ್ಟೇ ಕೊಡಲು ಹೊರಡುತ್ತದೆ. 0.75 ಚದರ ಮಿಲಿಮೀಟರಿನ ಸಣ್ಣ ವೈರು ಅದನ್ನು ತಡೆಯಲಾರದು. ಕೆಲವೇ ಸೆಕೆಂಡಿನಲ್ಲಿ ಕೆಂಪಗೆ ಕಾಯುತ್ತದೆ, ಮೇಲಿನ ಪ್ಲಾಸ್ಟಿಕ್ ಹೊತ್ತುತ್ತದೆ, ಒಂದೇ ಕಟ್ಟಿನಲ್ಲಿ ಬಿಗಿದಿರುವ ಪಕ್ಕದ ವೈರುಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಹೀಗಾಗದಿರಲೆಂದೇ ದಾರಿಯಲ್ಲಿ ಬೇಕೆಂದು ಒಂದು ದುರ್ಬಲ ಕೊಂಡಿ ಇಟ್ಟಿರುತ್ತಾರೆ, ಅದೇ ಫ್ಯೂಸ್.

ಆದ್ದರಿಂದ ಫ್ಯೂಸಿನ ಅಳತೆ ನಿರ್ಧಾರವಾಗುವುದು ವೈರಿನ ದಪ್ಪದ ಮೇಲೆ. ಹೊಸದಾಗಿ ಏನಾದರೂ ಜೋಡಿಸುವಾಗ ಈ ಲೆಕ್ಕ ಇಟ್ಟುಕೊಂಡರೆ ಮೋಸವಿಲ್ಲ: 0.5 ಚದರ ಮಿ.ಮೀ. ವೈರಿಗೆ 5 ಆಂಪಿಯರ್, 0.75ಕ್ಕೆ 7.5, 1ಕ್ಕೆ 10, 1.5ಕ್ಕೆ 15, 2.5ಕ್ಕೆ 20. ಕಂಪನಿಯವರು ಕೂರಿಸಿದ ಜಾಗದಲ್ಲಿ ಮಾತ್ರ ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದೇ ಅಳತೆ. ಎರಡು ಕಾಲಿನ ಪ್ಲಾಸ್ಟಿಕ್ ಫ್ಯೂಸುಗಳಿಗೆ ಬಣ್ಣದ ಗುರುತೂ ಇದೆ. ತಿಳಿಕಂದು 5, ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಓದಲು ಬಾರದವರೂ ಬಣ್ಣ ನೋಡಿ ಬದಲಿಸಬಹುದು. ಕೆಂಪು ಇದ್ದ ಕಡೆ ಹಸಿರು ಕಂಡರೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ.

10 ಆಂಪಿಯರ್ ಫ್ಯೂಸ್ 11 ಆಂಪಿಯರ್ ಹರಿದ ತಕ್ಷಣ ಹೋಗುವುದಿಲ್ಲ. ಹತ್ತರಲ್ಲೊಂದು ಪಾಲು ಹೆಚ್ಚಾದರೆ ಗಂಟೆಗಟ್ಟಲೆ ತಾಳಿಕೊಳ್ಳುವಂತೆಯೇ ಅದನ್ನು ಮಾಡಿರುತ್ತಾರೆ. ಎರಡು ಪಟ್ಟು ಹರಿದರೆ ಸುಮಾರು 5 ಸೆಕೆಂಡಿನೊಳಗೆ ಕರಗುತ್ತದೆ. ಎಂದರೆ ಅದರಲ್ಲಿ ಸಾಕಷ್ಟು ಸಡಿಲ ಮೊದಲೇ ಇದೆ. ‘ಹತ್ತು ಪದೇ ಪದೇ ಹೋಗುತ್ತೆ, ಹದಿನೈದು ಹಾಕಿಬಿಡಿ’ ಎನ್ನುವವರು ಆ ಸಡಿಲದ ಮೇಲೆ ಇನ್ನೊಂದು ಸಡಿಲ ಕೊಡುತ್ತಾರೆ. ದಾರಿಯಲ್ಲಿ ಫ್ಯೂಸ್ ಸಿಗಲಿಲ್ಲವೆಂದು ತಾಮ್ರದ ಎಳೆ ಸುತ್ತುವುದಂತೂ ಊರೂರಲ್ಲೂ ಇದೆ. 0.2 ಮಿ.ಮೀ. ದಪ್ಪದ, ಕೂದಲಿನಂಥ ಒಂದೇ ಒಂದು ಎಳೆ ಕರಗಬೇಕಾದರೆ ಸುಮಾರು 7 ಆಂಪಿಯರ್ ಬೇಕು. ಆದರೆ ಒಂದು ಎಳೆ ಯಾರು ಸುತ್ತುತ್ತಾರೆ? ಗಟ್ಟಿಯಾಗಲಿ ಎಂದು ನಾಲ್ಕೈದು ಹೊಸೆದು ಸಿಕ್ಕಿಸುತ್ತಾರೆ. ಅಲ್ಲಿಗೆ 10 ಆಂಪಿಯರ್ ಇದ್ದ ಜಾಗದಲ್ಲಿ 30ರ ಫ್ಯೂಸ್ ಕೂತಂತಾಯಿತು. ಸಿಗರೇಟ್ ಪ್ಯಾಕಿನ ಒಳಗಿನ ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಯಾವ ಲೆಕ್ಕವೂ ಉಳಿಯುವುದಿಲ್ಲ. ಬೇರೆ ಬೇರೆ ಅಳತೆಯ ಹತ್ತು ಫ್ಯೂಸುಗಳನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಳ್ಳಲು ಆಗುವ ಖರ್ಚು ಒಂದು ಊಟದ್ದೂ ಅಲ್ಲ. ಅದೂ ಇಲ್ಲದ ಹೊತ್ತಿನಲ್ಲಿ ಸ್ಟೀರಿಯೊದ್ದೋ ಹಿಂದಿನ ಗಾಜಿನ ಹೀಟರಿನದೋ ಫ್ಯೂಸ್ ಅದೇ ಅಳತೆಯದಾಗಿದ್ದರೆ ಅದನ್ನು ಕಿತ್ತು ಹೆಡ್‌ಲೈಟಿಗೆ ಹಾಕಿಕೊಂಡು ಊರು ಸೇರಬಹುದು.

ಹೋದ ಫ್ಯೂಸನ್ನು ಎಸೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಬೇಕು. ಏನಾಯಿತೆಂದು ಅದರ ಹೊಟ್ಟೆಯಲ್ಲೇ ಬರೆದಿರುತ್ತದೆ. ಬಾಗಿದ ಪಟ್ಟಿ ಮಧ್ಯದಲ್ಲಿ ಸಣ್ಣಗೆ ಕಡಿದು, ತುದಿಗಳು ಮೇಣದ ಹನಿಯ ಹಾಗೆ ಉಂಡೆಯಾಗಿದ್ದರೆ ಸ್ವಲ್ಪ ಹೆಚ್ಚಿನ ಕರೆಂಟ್ ಬಹಳ ಹೊತ್ತು ಹರಿದಿದೆ. ಹೆಚ್ಚು ವ್ಯಾಟಿನ ಬಲ್ಬು, ಬಿಗಿದುಕೊಂಡ ವೈಪರ್ ಮೋಟರು, ತಿರುಗಲು ತಿಣುಕುತ್ತಿರುವ ರೇಡಿಯೇಟರ್ ಫ್ಯಾನು, ಹೀಗೆ ಹುಡುಕಬೇಕು. ಪಟ್ಟಿಯೇ ಮಾಯವಾಗಿ ಒಳಗೆಲ್ಲ ಮಸಿ ಬಳಿದಂತಿದ್ದರೆ, ಲೋಹದ ಸಣ್ಣ ಕಣಗಳು ಸಿಡಿದು ಅಂಟಿದ್ದರೆ ನೇರ ಶಾರ್ಟ್, ಪ್ಲಸ್ ವೈರು ಎಲ್ಲೋ ಬಾಡಿಗೆ ತಗುಲಿದೆ. ಇನ್ನು ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಪಟ್ಟಿ ನೆಟ್ಟಗಿದೆ, ಕರೆಂಟೂ ಹರಿಯುತ್ತಿದೆ, ಆದರೆ ಒಂದು ಕಾಲಿನ ಪಕ್ಕ ಪ್ಲಾಸ್ಟಿಕ್ ಕಂದಿದೆ, ಉಬ್ಬಿದೆ, ಕಾಲು ನೀಲಿ ತಿರುಗಿದೆ. ಇದು ಲೂಸ್ ಕಾಂಟ್ಯಾಕ್ಟ್.

ಲೂಸ್ ಕಾಂಟ್ಯಾಕ್ಟನ್ನು ಯಾವ ಫ್ಯೂಸೂ ಹಿಡಿಯಲಾರದು, ಯಾಕೆಂದರೆ ಅಲ್ಲಿ ಕರೆಂಟ್ ಹೆಚ್ಚಾಗಿಯೇ ಇರುವುದಿಲ್ಲ. ಸಡಿಲವಾದ ಪಿನ್ನಿನಲ್ಲಿ ಬರೀ 0.1 ಓಮ್ ತಡೆ ಇದೆ ಎನ್ನಿ. 10 ಆಂಪಿಯರ್ ಹರಿದಾಗ ಅಲ್ಲಿ 10 ವ್ಯಾಟ್ ಶಾಖ ಹುಟ್ಟುತ್ತದೆ. 25 ವ್ಯಾಟಿನ ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ಸೀಸ ಕರಗಿಸುತ್ತದೆ. ಅದರ ಅರ್ಧಕ್ಕೆ ಹತ್ತಿರದ ಶಾಖ ಅಕ್ಕಿಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಕನೆಕ್ಟರಿನ ಒಳಗೆ, ಗಂಟೆಗಟ್ಟಲೆ ಕೂತಿರುತ್ತದೆ. ಶಾಖಕ್ಕೆ ಪಿನ್ನಿನ ಬಿಗಿ ಇನ್ನೂ ಸಡಿಲವಾಗುತ್ತದೆ, ತಡೆ ಏರುತ್ತದೆ, ಶಾಖವೂ ಏರುತ್ತದೆ. ಹೆಡ್‌ಲೈಟ್ ಹೋಲ್ಡರು, ಎಸಿ ಬ್ಲೋವರಿನ ಕನೆಕ್ಟರು, ಇಗ್ನಿಷನ್ ಸ್ವಿಚ್ಚಿನ ಹಿಂಬದಿ, ಬ್ಯಾಟರಿ ಟರ್ಮಿನಲ್ಲು, ಈ ನಾಲ್ಕು ಕಡೆ ಇದು ಹೆಚ್ಚು. ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಫ್ಯೂಸುಗಳ ಮೇಲೆ ಬೆರಳಿಟ್ಟು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಬರೀ ಫ್ಯೂಸ್ ಬದಲಿಸಿ ಫಲವಿಲ್ಲ, ಅದು ಕೂರುವ ಟರ್ಮಿನಲ್ಲನ್ನೇ ಬದಲಿಸಬೇಕು.

ಕೆಲಸ ಕೆಡುವುದು ಬಹುಪಾಲು ಹೆಚ್ಚುವರಿ ಲೈಟು, ಹಾರ್ನು ಹಾಕಿಸುವಲ್ಲಿ. ಕಂಪನಿ ಕೊಡುವ ಎಚ್4 ಹೆಡ್‌ಲೈಟ್ ಬಲ್ಬ್ 60/55 ವ್ಯಾಟಿನದು (ಹೈ ಬೀಮಿಗೆ 60, ಲೋ ಬೀಮಿಗೆ 55), ಒಂದಕ್ಕೆ ಸುಮಾರು 5 ಆಂಪಿಯರ್. ‘ಬೆಳಕು ಸಾಲದು’ ಎಂದು 100/90ರ ಬಲ್ಬ್ ಹಾಕಿದರೆ ಎರಡಕ್ಕೂ ಸೇರಿ 16 ಆಂಪಿಯರಿಗೂ ಹೆಚ್ಚು ಬೇಕು. ವೈರು ಅದೇ, ಹೋಲ್ಡರ್ ಅದೇ, ಸ್ವಿಚ್ ಅದೇ. ಮೂಗಿಗಿಂತ ಮೂಗುತಿ ಭಾರ. ಎಡ–ಬಲಕ್ಕೆ ಬೇರೆ ಬೇರೆ ಫ್ಯೂಸ್ ಇರುವ ಕಾರುಗಳಲ್ಲಿ ಫ್ಯೂಸ್ ಹೋಗದೆಯೇ ಹೋಲ್ಡರ್ ಕರಗುತ್ತದೆ. ತಮಾಷೆಯಲ್ಲ, ಎಷ್ಟೋ ಸಲ ಬೆಳಕು ಸಾಲದಿರುವುದಕ್ಕೆ ಬಲ್ಬಿನ ವ್ಯಾಟ್ ಕಾರಣವೇ ಅಲ್ಲ. 0.75ರ ವೈರು 4 ಮೀಟರ್ ಉದ್ದ ಹೋಗಿ ಎರಡೂ ಬಲ್ಬಿಗೆ ಕರೆಂಟ್ ಕೊಡುತ್ತಿದ್ದರೆ ವೈರಿನಲ್ಲೇ 0.8 ವೋಲ್ಟ್ ಕರಗಿಹೋಗುತ್ತದೆ, ತುಕ್ಕು ಹಿಡಿದ ಅರ್ಥಿಂಗ್ (ಕರೆಂಟ್ ಬಾಡಿಯ ಮೂಲಕ ವಾಪಸು ಹೋಗುವ ಜೋಡಣೆ) ಇನ್ನಷ್ಟು ತಿನ್ನುತ್ತದೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) ಹಾಕಿ, ವೈರು ದಪ್ಪ ಮಾಡಿ, ಅರ್ಥ್ ಉಜ್ಜಿ ಕೂರಿಸಿದರೆ ಹಳೆಯ 55 ವ್ಯಾಟಿನ ಬಲ್ಬೇ ಬೆಳ್ಳಗೆ ಉರಿಯುತ್ತದೆ.

ಫಾಗ್ ಲ್ಯಾಂಪ್ ಜೋಡಿಗೆ ನಾಲ್ಕು ಪಿನ್ನಿನ ರಿಲೇ ಹೀಗೆ: ಬ್ಯಾಟರಿ ಪ್ಲಸ್‌ನಿಂದ 2.5ರ ವೈರು ಹೊರಟು, ಒಂದು ಗೇಣಿನೊಳಗೆ 15 ಆಂಪಿಯರಿನ ಫ್ಯೂಸ್ ಹಾದು, ರಿಲೇಯ 30ನೇ ಪಿನ್ನಿಗೆ ಬರಬೇಕು. 87ರಿಂದ 1.5ರ ಎರಡು ವೈರು, ಒಂದೊಂದು ಲ್ಯಾಂಪಿಗೆ ಒಂದು. 86ಕ್ಕೆ ಸ್ವಿಚ್ಚಿನಿಂದ ಬರುವ ಸಣ್ಣ ವೈರು. ರಿಲೇ ಕಾಯಿಲ್ ಎಳೆಯುವುದು 0.2 ಆಂಪಿಯರಿನ ಆಸುಪಾಸು, ಸ್ವಿಚ್ಚಿಗೆ ಭಾರವೇ ಇಲ್ಲ. 85 ಬಾಡಿಗೆ ಅರ್ಥ್. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಯಾಕೆ ಎಂದರೆ ಅದು ಕಾಯುವುದು ತನ್ನಿಂದ ಮುಂದಿನ ವೈರನ್ನು ಮಾತ್ರ. ಲ್ಯಾಂಪಿನ ಹತ್ತಿರ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲೇ ಇರುವುದಿಲ್ಲ. ಬಾನೆಟ್ ಎತ್ತಿ ಪ್ಲಸ್ ಟರ್ಮಿನಲ್ಲಿಗೆ ಸೇರಿರುವ ಪ್ರತಿಯೊಂದು ಹೆಚ್ಚುವರಿ ವೈರನ್ನೂ ಹಿಡಿದು ನೋಡಿ. ಒಂದು ಗೇಣಿನಲ್ಲಿ ಫ್ಯೂಸ್ ಸಿಗದಿದ್ದರೆ ಅದನ್ನು ಹಾಕಿದವರ ಬಳಿಗೆ ಇವತ್ತೇ ಹೋಗಿ. ವಾಹನದ ಮೂಲ ವಿನ್ಯಾಸ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕಿದೆ ಎಂಬುದೂ ನೆನಪಿರಲಿ.

ಫ್ಯೂಸ್ ಹಾಕಿದ ತಕ್ಷಣ ಹೋಗುತ್ತಿದ್ದರೆ ಹತ್ತು ಫ್ಯೂಸ್ ಸುಡುವ ಅಗತ್ಯವಿಲ್ಲ. ಸುಟ್ಟ ಫ್ಯೂಸೊಂದರ ಎರಡು ಕಾಲಿಗೆ ವೈರು ಬೆಸೆದು, ಅದರ ತುದಿಗೆ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬಿನ ಹೋಲ್ಡರ್ ಕಟ್ಟಿಕೊಳ್ಳಿ. ಆ ಲೈನಿನ ಲೈಟು, ಮೋಟರುಗಳ ಕನೆಕ್ಟರ್ ಬಿಚ್ಚಿಟ್ಟು, ಫ್ಯೂಸ್ ಜಾಗದಲ್ಲಿ ಇದನ್ನು ಕೂರಿಸಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ. ಬಲ್ಬ್ ತಡೆ ಹಿಡಿದಿರುವುದರಿಂದ ವೈರಿನಲ್ಲಿ ಹರಿಯುವುದು 2 ಆಂಪಿಯರಿಗೂ ಕಡಿಮೆ, ಏನೂ ಸುಡುವುದಿಲ್ಲ. ಈಗ ವೈರಿನ ಕಟ್ಟನ್ನು ಅಲ್ಲಲ್ಲಿ ಅಲುಗಿಸುತ್ತ, ನಡುವಿನ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋಗಿ. ಎಲ್ಲಿ ಬಲ್ಬ್ ಆರಿತೋ ಅಲ್ಲಿಂದ ಮುಂದಿನ ತುಂಡಿನಲ್ಲಿ ತಪ್ಪಿದೆ. ಬಾಗಿಲಿನ ಕೀಲಿನ ಬಳಿಯ ರಬ್ಬರ್ ಕೊಳವೆ, ಡಿಕ್ಕಿಯ ಕೀಲು, ಸ್ಟೀರಿಂಗ್ ತಿರುಗಿದಾಗ ಬೈಕಿನ ಹ್ಯಾಂಡಲ್ ಕೆಳಗೆ ಮಡಿಯುವ ಜಾಗ, ಎಂಜಿನ್ ಹಿಂದಿನ ಗೋಡೆ ದಾಟುವ ತೂತು, ಮೊದಲು ಇಲ್ಲೇ ನೋಡಿ. ಒಂದು ಎಚ್ಚರಿಕೆ: ಈ ಉಪಾಯ ಲೈಟು, ಹಾರ್ನಿನ ಲೈನಿಗೆ ಮಾತ್ರ. ಎಂಜಿನ್ ಕಂಪ್ಯೂಟರಿನ ಸೆನ್ಸರ್ ವೈರಿಗೆ ಬಲ್ಬ್ ಮುಟ್ಟಿಸಿದರೆ ಕಂಪ್ಯೂಟರೇ ಹೋದೀತು, ಅಲ್ಲಿ ಮಲ್ಟಿಮೀಟರೇ ಬೇಕು. ಹಳದಿ ಹೊದಿಕೆಯ ಏರ್‌ಬ್ಯಾಗ್ ವೈರು, ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲು, ಇವೆರಡನ್ನೂ ತರಬೇತಿ ಇಲ್ಲದವರು ಮುಟ್ಟಲೇಬಾರದು. ಕಿತ್ತಳೆ ಕೇಬಲ್ಲಿನಲ್ಲಿರುವುದು ಪ್ರಾಣ ತೆಗೆಯುವ ನೂರಾರು ವೋಲ್ಟ್.

ವೈರು ಕತ್ತರಿಸುವ, ಬೆಸೆಯುವ ಯಾವ ಕೆಲಸಕ್ಕೂ ಮೊದಲು ಬ್ಯಾಟರಿ ಬಿಚ್ಚಬೇಕು. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಮೊದಲು ಮೈನಸ್, ಆಮೇಲೆ ಪ್ಲಸ್. ಮೊದಲೇ ಪ್ಲಸ್ ಬಿಚ್ಚಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಸ್ಪ್ಯಾನರೇ ಶಾರ್ಟ್, ಆ ಕಿಡಿಗೆ ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಸಿಡಿಯಬಹುದು. ಮೈನಸ್ ಮೊದಲು ಬಿಚ್ಚಿದ್ದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಏನೂ ಆಗದು. ಜೋಡಿಸುವಾಗ ಉಲ್ಟಾ, ಮೈನಸ್ ಕೊನೆಗೆ. ಆಟೊ, ಟ್ರ್ಯಾಕ್ಟರುಗಳಿಗೆ ಬಾಡಿ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಬಿಚ್ಚಿಸಿ, ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನು ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಕಚ್ಚಿಸಿ. ದೂರದಲ್ಲಿ ಕಚ್ಚಿಸಿದರೆ ವೆಲ್ಡಿಂಗ್ ಕರೆಂಟ್ ವಾಹನದ ಸಣ್ಣ ಅರ್ಥ್ ವೈರುಗಳನ್ನೇ ದಾರಿ ಮಾಡಿಕೊಳ್ಳುತ್ತದೆ.

ಇನ್ನು ಜೋಡಣೆ. ಬ್ಲೇಡಿನಿಂದ ಸಿಪ್ಪೆ ಸುಲಿದು, ಸುತ್ತಿ, ಟೇಪ್ ಅಂಟಿಸಿಬಿಡುವುದು ನಮ್ಮಲ್ಲಿ ಎಲ್ಲೆಡೆ ನಡೆಯುತ್ತದೆ. ಮನೆ ವೈರಿಂಗಿನ ಟೇಪಿನ ಅಂಟು ಕಲಬುರಗಿ, ರಾಯಚೂರಿನ ಬಿಸಿಲಿಗೆ ಬಾನೆಟ್ ಒಳಗೆ ಜೇನಿನಂತೆ ಇಳಿಯುತ್ತದೆ, ಟೇಪ್ ಬಿಚ್ಚಿಕೊಳ್ಳುತ್ತದೆ. ಮನೆಗೆ ಬಳಸುವ ಸಾಮಾನ್ಯ ಪಿವಿಸಿ ವೈರಿನ ಹೊದಿಕೆ ತಡೆಯುವುದು 70 ಡಿಗ್ರಿ, ವಾಹನಕ್ಕೆಂದೇ ಮಾಡಿದ ವೈರಿನದು 100 ಡಿಗ್ರಿ ದಾಟಿದರೂ ತಡೆಯುತ್ತದೆ. ಮಿಕ್ಕಿದ ಮನೆ ವೈರನ್ನು ಕಾರಿಗೆ ಹಾಕಿಸಬೇಡಿ. ಮೂಲ ವೈರಿನಷ್ಟೇ ದಪ್ಪದ ತುಂಡು ತಂದು, ಶಾಖಕ್ಕೆ ಕುಗ್ಗುವ ಸ್ಲೀವನ್ನು ಮೊದಲೇ ವೈರಿಗೆ ಪೋಣಿಸಿಕೊಂಡು (ಇದನ್ನು ಮರೆತು ಆಮೇಲೆ ಕತ್ತರಿಸುವವರೇ ಹೆಚ್ಚು), 8 ಮಿ.ಮೀ. ಸಿಪ್ಪೆ ಬಿಡಿಸಿ, ಕ್ರಿಂಪಿಂಗ್ ಇಕ್ಕಳದಿಂದ ಲಗ್ (ವೈರನ್ನು ಹಿಡಿದಿಡುವ ಲೋಹದ ತುಂಡು) ಒತ್ತಿ, ಎಳೆದು ನೋಡಿ, ಸ್ಲೀವ್ ಕಾಯಿಸಿ ಮುಚ್ಚಬೇಕು. ಎರಡು ಮೂರು ವೈರು ಒಟ್ಟಿಗೆ ಜೋಡಿಸುವಾಗ ಗಂಟುಗಳು ಒಂದೇ ಸಾಲಿನಲ್ಲಿ ಬಾರದಂತೆ ಹಿಂದೆ ಮುಂದೆ ಮಾಡಿ. ತಗಡಿನ ತೂತು ದಾಟುವಲ್ಲಿ ರಬ್ಬರ್ ಬಳೆ ಇರಲೇಬೇಕು. ತಗಡಿನ ಅಂಚು ದಿನಕ್ಕಿಷ್ಟು ಎಂದು ಕೊಯ್ಯುತ್ತಲೇ ಇರುತ್ತದೆ.

ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್ ಮಂಕಾಗುತ್ತದೆ ಎಂದರೆ ಫ್ಯೂಸ್ ಬಾಕ್ಸಿಗೆ ಕೈಹಾಕುವ ಮೊದಲು ಅರ್ಥಿಂಗ್ ನೋಡಿ. ದೀಪದಿಂದ ವಾಪಸು ಹೋಗಬೇಕಾದ ಕರೆಂಟಿಗೆ ಬಾಡಿಯ ದಾರಿ ಮುಚ್ಚಿದಾಗ ಅದು ಪಕ್ಕದ ಬಲ್ಬಿನ ತಂತಿಯೊಳಗೆ ನುಗ್ಗಿ ಹೊರಬರುತ್ತದೆ. ಅರ್ಥ್ ಬೋಲ್ಟ್ ಬಿಚ್ಚಿ, ತಗಡು ಹೊಳೆಯುವ ಹಾಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದರೆ ಸಾಕು. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ ಓಡುವ ವಾಹನಗಳಿಗೆ ವರ್ಷಕ್ಕೊಮ್ಮೆ ಇದು ಬೇಕು. ಬ್ಯಾಟರಿ ಟರ್ಮಿನಲ್ಲಿನ ಬಿಳಿ–ಹಸಿರು ಹೂವನ್ನು ಕೇಬಲ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು ಒರೆಸಿ.

ಮಲೆನಾಡಿನ ಮಳೆಗಾಲದಲ್ಲಿ ಇಲಿಗೆ ಬೆಚ್ಚನೆಯ ಎಂಜಿನ್ನಿಗಿಂತ ಒಳ್ಳೆಯ ಗೂಡಿಲ್ಲ. ವಾರಗಟ್ಟಲೆ ನಿಂತ ಕಾರನ್ನು ತೆಗೆಯುವ ಮುನ್ನ ಬಾನೆಟ್ ಎತ್ತಿ, ಹಿಕ್ಕೆ, ತೆಂಗಿನ ನಾರು, ಚಿಂದಿ ಇದೆಯೇ ನೋಡಿ. ಇದ್ದರೆ ಸೆಲ್ಫ್ ಹೊಡೆಯಬೇಡಿ, ವೈರು ನೋಡಿಸಿ. ಪ್ರೆಷರ್ ಪೈಪಿನಿಂದ ಎಂಜಿನ್ ತೊಳೆಸುವುದೂ ಬೇಡ, ಮಳೆಗೆ ಬಗ್ಗದ ಕನೆಕ್ಟರ್ ಆ ರಭಸಕ್ಕೆ ಬಗ್ಗುತ್ತದೆ.

ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ ಪದೇ ಪದೇ ಹೋದರೆ ಟಾರ್ಚ್ ಬಿಟ್ಟು ಒಳಗೆ ನೋಡಿ. ನಾಣ್ಯ ಬಿದ್ದಿರುವುದು ಬಹಳ ಸಾಮಾನ್ಯ. ಚಕ್ರಕ್ಕೆ ಗಾಳಿ ತುಂಬುವ ಪಂಪು ಒಂದೇ 10 ಆಂಪಿಯರಿಗೂ ಹೆಚ್ಚು ಎಳೆಯಬಲ್ಲದು, ಜೊತೆಗೆ ಬೇರೇನೂ ಸಿಕ್ಕಿಸಬೇಡಿ.

ಹೊಗೆ ಕಂಡರೆ ಪಕ್ಕಕ್ಕೆ ನಿಲ್ಲಿಸಿ, ಇಗ್ನಿಷನ್ ಆರಿಸಿ, ಎಲ್ಲರೂ ಇಳಿದು ದೂರ ಹೋಗಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕ ಕೂಡಲೇ ಬೆಂಕಿ ಭುಗಿಲೇಳುತ್ತದೆ. ಡ್ರೈ ಪೌಡರ್ ಸಿಲಿಂಡರ್ ಇದ್ದರೆ ಸಂದಿಯಿಂದಲೇ ಸಿಂಪಡಿಸಿ.

ಕೊನೆಯದಾಗಿ ಎರಡು ಬೇಡಿಕೆ. ವಾಹನಕ್ಕೆ ಬೆಂಕಿ ಬಿದ್ದ ಸುದ್ದಿ ಬರೆಯುವಾಗ ನಿಮ್ಮ ವರದಿಗಾರರು ಅಗ್ನಿಶಾಮಕ ಸಿಬ್ಬಂದಿಯನ್ನೋ ಮೆಕ್ಯಾನಿಕ್ಕನ್ನೋ ಇನ್ನೊಂದು ಮಾತು ಕೇಳಲಿ: ಹೊರಗಿನಿಂದ ಏನಾದರೂ ಜೋಡಿಸಿತ್ತೇ, ಅದಕ್ಕೆ ಫ್ಯೂಸ್ ಇತ್ತೇ, ಎಷ್ಟು ಆಂಪಿಯರಿನದು? ಎರಡನೆಯದು ವಾಹನ ಕಂಪನಿಗಳಿಗೆ. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲಿನ ಪಟ್ಟಿ ಇಂಗ್ಲಿಷಿನ ತುಂಡಕ್ಷರಗಳಲ್ಲಿದೆ. ಕರ್ನಾಟಕದಲ್ಲಿ ಮಾರುವ ಪ್ರತಿ ವಾಹನದ ಜೊತೆ ‘ಬಲ ಹೆಡ್‌ಲೈಟ್, ಕೆಂಪು, 10’, ‘ಹಾರ್ನ್, ನೀಲಿ, 15’ ಎಂಬಂತೆ ಕನ್ನಡದಲ್ಲಿ ಅಚ್ಚಾದ ಒಂದು ಅಂಟುಚೀಟಿ ಕೊಡಲಿ. ರಾತ್ರಿ ಹೆದ್ದಾರಿಯಲ್ಲಿ ಲೈಟ್ ಹೋಗಿ ನಿಂತ ಆಟೊ ಚಾಲಕರು, ಟೆಂಪೊದವರು ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಓದಿಕೊಳ್ಳುವಷ್ಟು ದೊಡ್ಡ ಅಕ್ಷರದಲ್ಲಿರಲಿ.

ಇಂತಿ,
ಒಬ್ಬ ಆಟೊ ಎಲೆಕ್ಟ್ರಿಷಿಯನ್, ಚಿತ್ರದುರ್ಗ